ಆಡಿಟರ್ ಆಫೀಸಿನಿಂದ ಎಂಎನ್‌ಸಿ ಅಕೌಂಟ್ಸ್‌ಗೆ: ರೆಸ್ಯೂಮ್, ಕವರ್ ಲೆಟರ್ ಹೇಗೆ ಬರೆಯೋದು?

ರಾಜಾಜಿನಗರ_ಬಿಕಾಂ

ಎಲ್ಲರಿಗೂ ನಮಸ್ಕಾರ. ನನ್ನ ವಿವರ ಇಷ್ಟು. ಬಿ.ಕಾಂ ಮುಗಿದಿದ್ದು 2019ರಲ್ಲಿ. ಮೊದಲು ಒಂದು ಹಾರ್ಡ್‌ವೇರ್ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, 2020ರ ನವೆಂಬರ್‌ವರೆಗೆ. ಆಮೇಲೆ ಅಪ್ಪನ ಆರೋಗ್ಯ ನೋಡಿಕೊಳ್ಳಲು ಒಂಬತ್ತು ತಿಂಗಳು ಮನೆಯಲ್ಲಿದ್ದೆ. 2021ರ ಆಗಸ್ಟ್‌ನಿಂದ ಆಡಿಟರ್ ಆಫೀಸಿನಲ್ಲಿದ್ದೇನೆ. 22 ಕ್ಲೈಂಟ್‌ಗಳ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ರಿಕನ್ಸಿಲಿಯೇಶನ್ (ನಮ್ಮ ಲೆಕ್ಕವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವುದು) ನನ್ನ ಪಾಲಿನದು.

ಈಗ ಔಟರ್ ರಿಂಗ್ ರೋಡ್, ಮಾನ್ಯತಾ, ವೈಟ್‌ಫೀಲ್ಡ್ ಕಡೆಯ ಎಂಎನ್‌ಸಿಗಳಿಗೆ ಅಕೌಂಟ್ಸ್ ಪೇಯಬಲ್ (ಸಪ್ಲೈಯರ್‌ಗಳ ಬಿಲ್ ಪಾವತಿ), ಜನರಲ್ ಲೆಡ್ಜರ್ (ಕಂಪನಿಯ ಮುಖ್ಯ ಲೆಕ್ಕ ಪುಸ್ತಕ) ಕೆಲಸಕ್ಕೆ ಅಪ್ಲೈ ಮಾಡುತ್ತಿದ್ದೇನೆ. ಮೂರು ತಿಂಗಳಾಯಿತು, ಒಂದು ಕಾಲೂ ಬಂದಿಲ್ಲ. ರೆಸ್ಯೂಮ್ ಮೂರು ಪುಟ ಇದೆ, ಮೊಬೈಲ್ ಆ್ಯಪ್‌ನಲ್ಲಿ ಸಿಕ್ಕ ಎರಡು ಕಾಲಮ್ಮಿನ ಬಣ್ಣದ ಟೆಂಪ್ಲೇಟ್. ಈಗಿನ ಕೆಲಸದ ಕೆಳಗೆ ಇರುವುದು ಒಂದೇ ಸಾಲು: "ರೆಸ್ಪಾನ್ಸಿಬಲ್ ಫಾರ್ ಟ್ಯಾಲಿ ಎಂಟ್ರೀಸ್, ಜಿಎಸ್‌ಟಿ ರಿಟರ್ನ್ಸ್ ಅಂಡ್ ಆಲ್ ಅಕೌಂಟ್ಸ್ ವರ್ಕ್." ಪಿಯುಸಿವರೆಗೆ ಓದಿದ್ದು ಕನ್ನಡ ಮೀಡಿಯಂ, ಹಾಗಾಗಿ ಕವರ್ ಲೆಟರ್ ಅಂದರೆ ಕೈ ಓಡುವುದಿಲ್ಲ. ಎಲ್ಲಿಂದ ಸರಿ ಮಾಡಲಿ?

---

ಬನಶಂಕರಿ_ಎಚ್ಆರ್

ಮೇಡಂ, ಮೊದಲು ಆ ಟೆಂಪ್ಲೇಟ್ ಬಿಡಿ. ಅದು ಏನು ಮಾಡುತ್ತೆ ಅನ್ನೋದನ್ನ ನೀವೇ ನೋಡಬಹುದು. ಪಿಡಿಎಫ್ ತೆರೆದು ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಎಡ ಕಾಲಮ್ಮಿನ ಫೋನ್ ನಂಬರ್ ಬಲ ಕಾಲಮ್ಮಿನ ಕೆಲಸದ ವಿವರದ ನಡುವೆ ಬಂದು ಕೂತಿದ್ದರೆ, ಕಂಪನಿಯವರು ರೆಸ್ಯೂಮ್ ಸೋಸಲು ಬಳಸುವ ಸಾಫ್ಟ್‌ವೇರಿಗೂ ಹಾಗೇ ಕಾಣಿಸುವ ಸಾಧ್ಯತೆ ಹೆಚ್ಚು. ಪೇಸ್ಟ್ ಮಾಡಿದರೆ ಏನೂ ಬರಲಿಲ್ಲ ಅಂದರೆ ಇನ್ನೂ ಕಷ್ಟ. ಆ್ಯಪ್ ನಿಮ್ಮ ಪುಟವನ್ನ ಚಿತ್ರ ಮಾಡಿ ಉಳಿಸಿದೆ ಅಂತ ಅರ್ಥ, ಅದರೊಳಗೆ "ಜಿಎಸ್‌ಟಿ" ಅಂತ ಯಾರು ಹುಡುಕಿದರೂ ಸಿಗಲ್ಲ.

ವರ್ಡ್‌ನಲ್ಲೋ ಗೂಗಲ್ ಡಾಕ್ಸ್‌ನಲ್ಲೋ ಖಾಲಿ ಹಾಳೆಯಿಂದ ಶುರು ಮಾಡಿ. ಒಂದೇ ಕಾಲಮ್. ಟೇಬಲ್, ಟೆಕ್ಸ್ಟ್ ಬಾಕ್ಸ್ ಬೇಡ. ಹೆಸರು, ಫೋನ್ ನಂಬರನ್ನ ಹೆಡರ್ ಒಳಗೆ ಹಾಕಬೇಡಿ, ಕೆಲವು ಸಾಫ್ಟ್‌ವೇರ್ ಹೆಡರ್, ಫೂಟರ್ ಓದುವುದೇ ಇಲ್ಲ. "ಎಕ್ಸೆಲ್ ಐದಕ್ಕೆ ನಾಲ್ಕು ಸ್ಟಾರ್" ಅನ್ನೋ ಚುಕ್ಕಿಗಳು ಸಾಫ್ಟ್‌ವೇರಿಗೆ ಅರ್ಥವಾಗಲ್ಲ, ಮನುಷ್ಯರಿಗೂ ಏನೂ ಹೇಳಲ್ಲ. ಪೇಜ್ ಸೈಜ್ ಎ4 ಇದೆಯಾ ನೋಡಿಕೊಳ್ಳಿ. ಅಮೆರಿಕದ ಟೆಂಪ್ಲೇಟುಗಳು ಲೆಟರ್ ಸೈಜಿನಲ್ಲಿರುತ್ತವೆ, ಎ4ಗಿಂತ ಅಗಲ ಜಾಸ್ತಿ, ಉದ್ದ ಕಡಿಮೆ. ಇಲ್ಲಿ ಪ್ರಿಂಟ್ ತೆಗೆದರೆ ಅಂಚು ಹೆಚ್ಚುಕಡಿಮೆ ಆಗುತ್ತೆ. ಅಕ್ಷರ ಕ್ಯಾಲಿಬ್ರಿ ಅಥವಾ ಏರಿಯಲ್, 10.5 ಇಲ್ಲ 11. ಅಂಚು ಎರಡು ಸೆಂಟಿಮೀಟರ್.

ತೆಗೆಯಬೇಕಾದ್ದು: ಫೋಟೋ, ತಂದೆಯ ಹೆಸರು, ಮದುವೆ ಆಗಿದೆಯಾ ಇಲ್ಲವಾ, ಧರ್ಮ, ಪೂರ್ತಿ ವಿಳಾಸ, "ಹವ್ಯಾಸ: ಸಂಗೀತ ಕೇಳುವುದು", ಕೊನೆಯಲ್ಲಿ ಸಹಿ ಹಾಕಿ ಬರೆಯುವ ಡಿಕ್ಲರೇಶನ್. ಆಧಾರ್, ಪ್ಯಾನ್ ನಂಬರ್ ಖಂಡಿತಾ ಬೇಡ. ರೆಸ್ಯೂಮ್ ಎಷ್ಟು ಕೈ ದಾಟುತ್ತೆ ಅನ್ನೋದು ನಿಮ್ಮ ಹಿಡಿತದಲ್ಲಿ ಇರಲ್ಲ. ವಿಳಾಸಕ್ಕೆ "ರಾಜಾಜಿನಗರ, ಬೆಂಗಳೂರು" ಸಾಕು.

ಹೆಸರಿನ ವಿಷಯ ನಮ್ಮ ಕಡೆಯವರು ಗಮನಿಸಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್, ಪ್ಯಾನ್‌ನಲ್ಲಿ ಆ ಇನಿಷಿಯಲ್ ಬಿಡಿಸಿದ ಪೂರ್ತಿ ಹೆಸರು, ಆಧಾರ್‌ನಲ್ಲಿ ಇನ್ನೊಂದು ಕ್ರಮ. ರೆಸ್ಯೂಮ್, ನೌಕ್ರಿ ಜಾಬ್ ಸೈಟ್, ಲಿಂಕ್ಡ್‌ಇನ್ ಮೂರರಲ್ಲೂ ಪ್ಯಾನ್‌ನಲ್ಲಿರುವ ಹಾಗೇ ಇಟ್ಟುಬಿಡಿ. ಆಫರ್ ಬಂದ ಮೇಲೆ ಸಂಬಳ, ತೆರಿಗೆಯ ಕಾಗದಪತ್ರಕ್ಕೆ ಆ ಹೆಸರೇ ಬೇಕಾಗೋದು. ಪಿಎಫ್‌ಗೆ ಮಾತ್ರ ಆಧಾರ್‌ನಲ್ಲಿರುವ ಹೆಸರು ನೋಡುತ್ತಾರೆ.

ಇನ್ನು ನೌಕ್ರಿ. ರಿಕ್ರೂಟರ್ ಹುಡುಕುವಾಗ ಪದ, ಅನುಭವ, ಊರು, ನೋಟಿಸ್ ಪೀರಿಯಡ್ ಜೊತೆಗೆ ಇತ್ತೀಚೆಗೆ ಯಾರು ಆ್ಯಕ್ಟಿವ್ ಇದ್ದಾರೆ ಅಂತಲೂ ಸೋಸುತ್ತಾರೆ. ಮೂರು ತಿಂಗಳ ಹಿಂದೆ ಹಾಕಿ ಬಿಟ್ಟ ಪ್ರೊಫೈಲ್ ಕೆಳಗೆ ಹೋಗಿಬಿಡುತ್ತೆ, ವಾರಕ್ಕೊಮ್ಮೆ ಲಾಗಿನ್ ಆಗಿ ಒಂದು ಸಾಲಾದರೂ ತಿದ್ದಿ. ಹೆಡ್‌ಲೈನ್‌ನಲ್ಲಿ "ಅವಕಾಶಕ್ಕಾಗಿ ಕಾಯುತ್ತಿರುವ ಪರಿಶ್ರಮಿ" ಅನ್ನೋ ಥರದ್ದು ಬರೆಯಬೇಡಿ. ಕೆಲಸದ ಹೆಸರು, ವರ್ಷ, ಮೂರು ಮುಖ್ಯ ಕೌಶಲ, ನೋಟಿಸ್ ಎಷ್ಟು ದಿನ, ಅಷ್ಟೇ. 30 ದಿನದಲ್ಲಿ ಬರಲು ಸಾಧ್ಯ ಇದ್ದರೆ ಅದನ್ನ ಕಾಣುವ ಹಾಗೆ ಬರೆಯಿರಿ. 90 ದಿನ ನೋಟಿಸ್ ಇರುವವರೇ ತುಂಬಿರುವ ಈ ಊರಿನಲ್ಲಿ ಅದಕ್ಕೆ ನಿಜವಾಗಿ ಬೆಲೆ ಇದೆ.

---

ಜಿಎಲ್_ಲೀಡ್

ಮೇಲಿನವರು ಹೇಳಿದ್ದು ಹಾಳೆಯ ಮಾತು. ನಾನು ಆ ಒಂದು ಸಾಲಿನ ಮಾತಾಡುತ್ತೇನೆ, ಏಕೆಂದರೆ ನಾಲ್ಕು ವರ್ಷದ ಒಳ್ಳೆಯ ಕೆಲಸವನ್ನು ಅದು ಪೂರ್ತಿ ಮುಚ್ಚಿಟ್ಟಿದೆ.

"ಆಲ್ ಅಕೌಂಟ್ಸ್ ವರ್ಕ್" ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಆದರೆ ನಿಮ್ಮ ತಿಂಗಳು ಹೇಗೆ ಸಾಗುತ್ತದೆ ಎನ್ನುವುದು ಈ ಕಸುಬಿನವರಿಗೆಲ್ಲ ಗೊತ್ತು. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. 14ಕ್ಕೆ 2ಬಿ, ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ, ಬರುತ್ತದೆ, ಅದನ್ನು ಖರೀದಿ ಪುಸ್ತಕದ ಜೊತೆ ತಾಳೆ ನೋಡಿ, ಬಿಲ್ ಹಾಕದ ಸಪ್ಲೈಯರ್‌ಗಳ ಬೆನ್ನು ಹತ್ತಿ, 20ರೊಳಗೆ ತೆರಿಗೆ ಕಟ್ಟುವ 3ಬಿ ರಿಟರ್ನ್ ಮುಗಿಸಬೇಕು. ಎಂಎನ್‌ಸಿಗಳಲ್ಲಿ ತಿಂಗಳ ಕ್ಲೋಸಿಂಗ್ ಅನ್ನುವುದೂ ಇದೇ ಶಿಸ್ತು. ಅಲ್ಲಿ ತಾರೀಖಿನ ಬದಲು ಮೊದಲ ವರ್ಕಿಂಗ್ ಡೇ, ಮೂರನೆಯ ವರ್ಕಿಂಗ್ ಡೇ ಎಂದು ಎಣಿಸುತ್ತಾರೆ. ಗಡುವಿನೊಳಗೆ ಲೆಕ್ಕ ಮುಚ್ಚುವ ಅಭ್ಯಾಸ ನಿಮಗಿದೆ, ಅದು ಕಾಗದದ ಮೇಲೆ ಕಾಣಬೇಕು.

ಆ ಒಂದು ಸಾಲನ್ನು ಒಡೆದರೆ ಹೀಗಾಗುತ್ತದೆ. ಅಂಕಿಗಳು ಮಾದರಿಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ:

- 22 ಕ್ಲೈಂಟ್‌ಗಳ ಜಿಎಸ್‌ಟಿ: 15 ಕ್ಲೈಂಟ್‌ಗಳದ್ದು ಪ್ರತಿ ತಿಂಗಳ ರಿಟರ್ನ್, 7 ಕ್ಲೈಂಟ್‌ಗಳದ್ದು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿ, ಕಳೆದ 24 ತಿಂಗಳಲ್ಲಿ ಲೇಟ್ ಫೀ ಇಲ್ಲ.
- ತಿಂಗಳಿಗೆ ಸುಮಾರು 600 ಖರೀದಿ ಬಿಲ್‌ಗಳನ್ನು 2ಬಿ ಜೊತೆ ಎಕ್ಸೆಲ್‌ನಲ್ಲಿ ರಿಕನ್ಸೈಲ್ ಮಾಡಿ, ವ್ಯತ್ಯಾಸ ಇರುವ ವೆಂಡರ್‌ಗಳ ಜೊತೆ ಫಾಲೋ ಅಪ್.
- 30 ಬ್ಯಾಂಕ್ ಖಾತೆಗಳ ರಿಕನ್ಸಿಲಿಯೇಶನ್, ಪ್ರತಿ ತಿಂಗಳು 5ರೊಳಗೆ. 30 ದಿನ ದಾಟಿದ ಎಂಟ್ರಿಗಳ ಪಟ್ಟಿ ಸೀನಿಯರ್‌ಗೆ.
- ವರ್ಷದ ಕೊನೆಯ ಡಿಪ್ರಿಸಿಯೇಶನ್, ಪ್ರಾವಿಶನ್, ಪ್ರೀಪೇಯ್ಡ್ ಎಂಟ್ರಿಗಳು. ಟ್ರಯಲ್ ಬ್ಯಾಲೆನ್ಸ್‌ವರೆಗೆ ಅಂತಿಮಗೊಳಿಸುವುದು.
- ವಹಿವಾಟು 5 ಕೋಟಿ ದಾಟಿದ 4 ಕ್ಲೈಂಟ್‌ಗಳಿಗೆ ಇ-ಇನ್‌ವಾಯ್ಸ್.

ಅಂಕಿ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಟ್ಯಾಲಿಪ್ರೈಮ್‌ನಲ್ಲಿ ಡಿಸ್‌ಪ್ಲೇ ಮೋರ್ ರಿಪೋರ್ಟ್ಸ್ ಒಳಗೆ ಸ್ಟೇಟ್‌ಮೆಂಟ್ಸ್ ಆಫ್ ಅಕೌಂಟ್ಸ್, ಅದರೊಳಗೆ ಸ್ಟಾಟಿಸ್ಟಿಕ್ಸ್. ಪೇಮೆಂಟ್ ಎಷ್ಟು, ಪರ್ಚೇಸ್ ಎಷ್ಟು, ಜರ್ನಲ್ ಎಷ್ಟು ಎಂದು ವೌಚರ್‌ವಾರು ಎಣಿಸಿ ಕೊಡುತ್ತದೆ. ಎಫ್2 ಒತ್ತಿ ಒಂದು ಸಾಮಾನ್ಯ ತಿಂಗಳ ಅವಧಿ ಹಾಕಿ, ನಾಲ್ಕೈದು ದೊಡ್ಡ ಕ್ಲೈಂಟ್‌ಗಳದ್ದು ಕೂಡಿ. ಮಾರ್ಚ್ ತಿಂಗಳನ್ನು ತೆಗೆದುಕೊಳ್ಳಬೇಡಿ, ಆಗ ಎಂಟ್ರಿ ಮಾಮೂಲಿಗಿಂತ ಹೆಚ್ಚಿರುತ್ತದೆ. ಆ ಅಂಕಿಯನ್ನು ಸಂದರ್ಶನದಲ್ಲಿ ಬಿಡಿಸಿ ಕೇಳಿದರೆ ಉತ್ತರ ತಡವರಿಸುತ್ತದೆ.

ಕ್ಲೈಂಟ್‌ಗಳ ಹೆಸರು ಬರೆಯಲೇಬೇಡಿ. ಅವರ ಲೆಕ್ಕ ಗುಟ್ಟಿನದು. ಅದನ್ನು ಕಾಪಾಡುವವರು ಎನ್ನುವುದೂ ರೆಸ್ಯೂಮ್‌ನಿಂದಲೇ ತಿಳಿಯುತ್ತದೆ. "ಚಿಕ್ಕಪೇಟೆಯ ಬಟ್ಟೆ ಸಗಟು, ಪೀಣ್ಯದ ಜಾಬ್ ವರ್ಕ್ ಶಾಪು, ಹೋಟೆಲ್" ಎಂದು ಬಗೆ ಹೇಳಿದರೆ ಸಾಕು.

ಜೆಡಿಯ, ಅಂದರೆ ಜಾಹೀರಾತಿನಲ್ಲಿರುವ ಕೆಲಸದ ವಿವರಣೆಯ, ಪದಗಳನ್ನು ಬಳಸಿ, ಆದರೆ ಮಾಡಿದ ಕೆಲಸದ ಮೇಲೆ ಮಾತ್ರ. ಪಾರ್ಟಿ ಲೆಡ್ಜರ್ ತಾಳೆ ನೋಡಿದ್ದಕ್ಕೆ "ವೆಂಡರ್ ರಿಕನ್ಸಿಲಿಯೇಶನ್" ಎಂದು ಬರೆಯುವುದು ನ್ಯಾಯ, ಅದು ಅದೇ ಕೆಲಸ. ಪ್ರಾವಿಶನ್ ಎಂಟ್ರಿಗೆ "ಅಕ್ರುಯಲ್ಸ್" ಎನ್ನುವುದೂ ಸರಿ. ಆದರೆ "ತ್ರೀ ವೇ ಮ್ಯಾಚ್" ಎಂದರೆ ಪರ್ಚೇಸ್ ಆರ್ಡರ್, ಮಾಲು ಬಂದ ಜಿಆರ್‌ಎನ್, ಬಿಲ್, ಈ ಮೂರನ್ನೂ ಕೂಡಿಸಿ ನೋಡುವುದು. ಆಡಿಟರ್ ಆಫೀಸಿಗೆ ಸಾಮಾನ್ಯವಾಗಿ ಬಿಲ್ ಮಾತ್ರ ಬರುತ್ತದೆ, ಆದ್ದರಿಂದ ಅದನ್ನು ಬರೆಯಬೇಡಿ. ಅದೇ ರೀತಿ ಎಸ್‌ಎಪಿ, ಅಂದರೆ ದೊಡ್ಡ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್. ಯೂಟ್ಯೂಬ್ ನೋಡಿ "ಎಸ್‌ಎಪಿ ಗೊತ್ತು" ಎಂದು ಬರೆದವರನ್ನು ಅದರೊಳಗಿನ ಎಫ್‌ಬಿ60 ಕಮಾಂಡ್‌ಗೂ ಎಂಐಆರ್‌ಒ ಕಮಾಂಡ್‌ಗೂ ಏನು ವ್ಯತ್ಯಾಸ ಎಂದು ಕೇಳಿದರೆ ಅಲ್ಲಿಗೆ ನಿಂತುಬಿಡುತ್ತಾರೆ. ಮೊದಲನೆಯದು ಪರ್ಚೇಸ್ ಆರ್ಡರ್ ಇಲ್ಲದ ಬಿಲ್ಲಿಗೆ, ಎರಡನೆಯದು ಆರ್ಡರ್ ಇರುವುದಕ್ಕೆ. ಇಷ್ಟು ಅರ್ಥ ಮಾಡಿಕೊಂಡು ಹೋಗಿ, ಆದರೆ ಕೈಯಾರೆ ಬಳಸುವವರೆಗೆ ಕೌಶಲದ ಪಟ್ಟಿಯಲ್ಲಿ ಸೇರಿಸಬೇಡಿ. "ಎಂಎಸ್ ಆಫೀಸ್" ಅನ್ನುವುದರ ಬದಲು ಪಿವೋಟ್, ಎಕ್ಸ್‌ಲುಕಪ್, ಸಮ್‌ಇಫ್ಸ್ ಎಂದು ಬಿಡಿಸಿ ಬರೆಯಿರಿ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ: ಪೇಯಬಲ್‌ಗಿಂತ ಜನರಲ್ ಲೆಡ್ಜರ್ ಮತ್ತು ಜಿಎಸ್‌ಟಿ ಕಂಪ್ಲಯನ್ಸ್ ತಂಡಗಳು ನಿಮಗೆ ಹತ್ತಿರ. ಎರಡು ರೆಸ್ಯೂಮ್ ಇಟ್ಟುಕೊಳ್ಳಿ. ಸಾಲುಗಳು ಅವೇ, ಕ್ರಮ ಬೇರೆ. ಜನರಲ್ ಲೆಡ್ಜರ್‌ಗೆ ಕಳಿಸುವುದರಲ್ಲಿ ಬ್ಯಾಂಕ್ ರಿಕನ್ಸಿಲಿಯೇಶನ್, ವರ್ಷದ ಕೊನೆಯ ಎಂಟ್ರಿ ಮೇಲೆ ಬರಲಿ. ತೆರಿಗೆ ತಂಡಕ್ಕೆ ಕಳಿಸುವುದರಲ್ಲಿ 2ಬಿ ಮೇಲೆ ಬರಲಿ. ಮೊದಲ ಮೂರು ಸಾಲು ಓದಿ ಉಳಿದದ್ದನ್ನು ಓದಬೇಕೋ ಬೇಡವೋ ಎಂದು ತೀರ್ಮಾನಿಸುವವರೇ ಹೆಚ್ಚು.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವಾಗ ಆಗುವ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. "ಮಾಡುತ್ತಿದ್ದೇನೆ" ಎನ್ನುವುದು ತಲೆಯಲ್ಲಿರುವುದರಿಂದ ಪ್ರತಿ ಸಾಲೂ "ಐ ಆ್ಯಮ್ ಡೂಯಿಂಗ್" ಆಗುತ್ತದೆ. "ಐ" ತೆಗೆದು ಕ್ರಿಯಾಪದದಿಂದಲೇ ಸಾಲು ಶುರು ಮಾಡಿ: ಈಗಿನ ಕೆಲಸಕ್ಕೆ "ಫೈಲ್", "ರಿಕನ್ಸೈಲ್", "ಪ್ರಿಪೇರ್"; ಬಿಟ್ಟ ಕೆಲಸಕ್ಕೆ "ಫೈಲ್ಡ್", "ರಿಕನ್ಸೈಲ್ಡ್", "ಪ್ರಿಪೇರ್ಡ್". ಇದೊಂದನ್ನು ಪಾಲಿಸಿದರೆ ವ್ಯಾಕರಣದ ಅರ್ಧ ಭಯ ಹೋಗುತ್ತದೆ.

---

ರಾಜಾಜಿನಗರ_ಬಿಕಾಂ

ತುಂಬಾ ಧನ್ಯವಾದ ಸರ್. ನೋಟ್‌ಪ್ಯಾಡ್‌ಗೆ ಹಾಕಿ ನೋಡಿದೆ, ಫೋನ್ ನಂಬರ್ "ಟ್ಯಾಲಿ"ಗೂ "ಪ್ರೈಮ್"ಗೂ ಮಧ್ಯೆ ಬಂದಿದೆ! ಇನ್ನೆರಡು ಪ್ರಶ್ನೆ. ಕವರ್ ಲೆಟರ್ ಯಾರಾದರೂ ಓದುತ್ತಾರಾ? ಮತ್ತೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಬಳ ಕೈಗೇ ಕೊಡುತ್ತಿದ್ದರು. ಪೇಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಅದನ್ನೂ ಆ ಒಂಬತ್ತು ತಿಂಗಳನ್ನೂ ಬಿಟ್ಟುಬಿಡಲಾ?

---

ಮಲ್ಲೇಶ್ವರ_ಪ್ಲೇಸ್‌ಮೆಂಟ್

ಕವರ್ ಲೆಟರ್ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ನೌಕ್ರಿಯಲ್ಲಿ ಬಟನ್ ಒತ್ತಿ ಅಪ್ಲೈ ಮಾಡುವ ಕಡೆ ಅದಕ್ಕೆ ಜಾಗವೇ ಇರಲ್ಲ, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ನೇರ ಮೇಲ್ ಮಾಡುವಾಗ, ರೆಫರಲ್ ಸಿಕ್ಕಾಗ, ಕಂಪನಿಯ ವೆಬ್‌ಸೈಟಿನಲ್ಲಿ ಕೇಳಿದಾಗ ಅದು ಬೇಕು. ನಿಮ್ಮ ಹಾಗೆ ಒಂದು ಬಗೆಯ ಕೆಲಸದಿಂದ ಇನ್ನೊಂದು ಬಗೆಗೆ ಹೋಗುವವರಿಗಂತೂ ಬೇಕೇ ಬೇಕು, ಏಕೆ ಬರ್ತಿದೀರಿ ಅನ್ನೋ ಪ್ರಶ್ನೆಗೆ ರೆಸ್ಯೂಮ್‌ನಲ್ಲಿ ಉತ್ತರ ಇರಲ್ಲ.

ಮೇಲ್‌ನ ಮೈಯೇ ಕವರ್ ಲೆಟರ್. "ಪಿಎಫ್‌ಎ ಮೈ ರೆಸ್ಯೂಮ್" (ಲಗತ್ತಿಸಿದ ರೆಸ್ಯೂಮ್ ನೋಡಿ) ಅಂತ ಒಂದು ಸಾಲು ಬರೆದು, ಪತ್ರವನ್ನ ಬೇರೆ ಫೈಲ್ ಮಾಡಿ ಲಗತ್ತಿಸಿದರೆ ಅದನ್ನ ತೆರೆಯುವವರು ಕಡಿಮೆ. 200 ಪದದ ಆಸುಪಾಸು, ಮೊಬೈಲ್‌ನಲ್ಲಿ ಒಂದೆರಡು ಸಲ ಸರಿಸುವಷ್ಟರಲ್ಲಿ ಮುಗಿಯಬೇಕು. ಸಬ್ಜೆಕ್ಟ್‌ನಲ್ಲಿ ಹುದ್ದೆಯ ಹೆಸರು, ಜಾಬ್ ಐಡಿ, ನಿಮ್ಮ ಹೆಸರು, ನೋಟಿಸ್ ದಿನ. ಫೈಲಿನ ಹೆಸರು "ರೆಸ್ಯೂಮ್ ಫೈನಲ್ 3" ಅಂತ ಇರಬಾರದು, ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. ಗಾತ್ರ ಅರ್ಧ ಎಂಬಿ ಒಳಗೆ.

ಒಳಗೆ ಏನಿರಬೇಕು ಅನ್ನೋದರ ತಿರುಳನ್ನ ಕನ್ನಡದಲ್ಲೇ ಬರೀತೀನಿ, ಇಂಗ್ಲಿಷ್‌ನಲ್ಲಿ ನಿಮ್ಮ ಮಾತಲ್ಲಿ ಬರೆದುಕೊಳ್ಳಿ:

"ಜನರಲ್ ಲೆಡ್ಜರ್ ಅನಲಿಸ್ಟ್ ಹುದ್ದೆಗೆ, ಜಾಬ್ ಐಡಿ ಇಂಥದ್ದು, ಅರ್ಜಿ ಹಾಕುತ್ತಿದ್ದೇನೆ. ನಾಲ್ಕು ವರ್ಷದಿಂದ ಆಡಿಟರ್ ಕಚೇರಿಯೊಂದರಲ್ಲಿ 22 ವ್ಯಾಪಾರಗಳ ಲೆಕ್ಕವನ್ನು ಟ್ರಯಲ್ ಬ್ಯಾಲೆನ್ಸ್‌ವರೆಗೆ ನೋಡಿಕೊಳ್ಳುತ್ತಿದ್ದೇನೆ.

ನಿಮ್ಮ ಜಾಹೀರಾತಿನಲ್ಲಿ ಬ್ಯಾಂಕ್ ರಿಕನ್ಸಿಲಿಯೇಶನ್ ಮತ್ತು ತಿಂಗಳ ಕ್ಲೋಸಿಂಗ್ ಕೇಳಿದ್ದೀರಿ. ಪ್ರತಿ ತಿಂಗಳು 30 ಖಾತೆಗಳನ್ನು 5ನೇ ತಾರೀಖಿನೊಳಗೆ ತಾಳೆ ಮಾಡಿ ಮುಗಿಸುತ್ತೇನೆ. ಗಡುವು ತಪ್ಪಿ ಲೇಟ್ ಫೀ ಬಿದ್ದದ್ದು ಕಳೆದ ಎರಡು ವರ್ಷದಲ್ಲಿಲ್ಲ. ಎಸ್‌ಎಪಿಯಲ್ಲಿ ಕೆಲಸ ಮಾಡಿಲ್ಲ. ಟ್ಯಾಲಿಪ್ರೈಮ್ ಮತ್ತು ಎಕ್ಸೆಲ್‌ನಲ್ಲಿ ಮಾಡಿದ್ದೇನೆ.

ಹಲವು ಸಣ್ಣ ಪುಸ್ತಕಗಳ ಬದಲು ಒಂದೇ ದೊಡ್ಡ ಸಂಸ್ಥೆಯ ಲೆಡ್ಜರಿನ ಮೇಲೆ ಆಳವಾಗಿ ಕೆಲಸ ಮಾಡಬೇಕೆಂದಿದ್ದೇನೆ. ಯುಕೆ ಸಮಯದ ಶಿಫ್ಟ್‌ನಲ್ಲೂ ಕೆಲಸ ಮಾಡಬಲ್ಲೆ. 30 ದಿನದಲ್ಲಿ ಸೇರಬಲ್ಲೆ."

ಅಷ್ಟೇ. ಎಸ್‌ಎಪಿ ಇಲ್ಲ ಅನ್ನೋದನ್ನ ನೀವೇ ಹೇಳಿಬಿಡೋದು ಒಳ್ಳೇದು, ಹೇಗಿದ್ದರೂ ಮೊದಲ ಫೋನ್‌ನಲ್ಲೇ ಕೇಳ್ತಾರೆ. ಮಧ್ಯದ ಪ್ಯಾರಾ ಮಾತ್ರ ಪ್ರತಿ ಜಾಹೀರಾತಿಗೂ ಹೊಸದಾಗಿ ಬರೀಬೇಕು. ಜೆಡಿಯಲ್ಲಿ ಮೇಲೆ ಬಂದಿರುವ ಎರಡು ಅಂಶ ಹಿಡಿದು, ಒಂದೊಂದಕ್ಕೂ ಒಂದು ಸಾಕ್ಷಿ ಕೊಡಿ. ಉಳಿದದ್ದು ಬದಲಾಗಲ್ಲ, ಹಾಗಾಗಿ ಹದಿನೈದು ನಿಮಿಷದ ಕೆಲಸ.

"ರೆಸ್ಪೆಕ್ಟೆಡ್ ಸರ್" ಬೇಡ, ಓದುವವರು ಮೇಡಂ ಇರಬಹುದು. ಹೆಸರು ಗೊತ್ತಿದ್ದರೆ ಹೆಸರು, ಇಲ್ಲದಿದ್ದರೆ "ಡಿಯರ್ ಹೈರಿಂಗ್ ಮ್ಯಾನೇಜರ್". "ನಿಮ್ಮ ಪ್ರತಿಷ್ಠಿತ ಸಂಸ್ಥೆ" ಅನ್ನೋದು, ದಯವಿಟ್ಟು ಅವಕಾಶ ಕೊಡಿ ಅಂತ ಬೇಡಿಕೊಳ್ಳೋದು ಬಿಡಿ. ಈಗಿನ ಕಚೇರಿ ಬಗ್ಗೆ ದೂರು, ಸಂಬಳದ ಮಾತು, ಇವೂ ಪತ್ರದಲ್ಲಿ ಬೇಡ. ಮನೆ ದೂರ ಅಂತ ಅವರೇ ಅನುಮಾನ ಪಡಬಹುದು ಅನ್ನಿಸಿದರೆ ಒಂದು ಸಾಲು ಸೇರಿಸಿ: ರಾಜಾಜಿನಗರದಿಂದ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್ ಬದಲಿಸಿ ನೇರಳೆ ಹಿಡಿದರೆ ವೈಟ್‌ಫೀಲ್ಡ್‌ವರೆಗೂ ಮೆಟ್ರೋ ಇದೆ.

---

ಬಿಜಿವಿ_ಜಯನಗರ

ಅಂಗಡಿ ಕೆಲಸವನ್ನೂ ಬಿಡಬೇಡಿ, ಗ್ಯಾಪ್ ಅನ್ನೂ ಮುಚ್ಚಬೇಡಿ.

ಆಫರ್ ಆದ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಆಗುತ್ತದೆ. ಪಿಎಫ್‌ನ ಯುಎಎನ್ ನಂಬರ್ ಇದ್ದರೆ ಅದರ ಸರ್ವಿಸ್ ಹಿಸ್ಟರಿಯಲ್ಲಿ ಪ್ರತಿ ಕಂಪನಿಗೆ ಸೇರಿದ, ಬಿಟ್ಟ ತಾರೀಖು ಇರುತ್ತದೆ. ರೆಸ್ಯೂಮ್‌ನ ತಾರೀಖಿಗೂ ಅದಕ್ಕೂ ತಾಳೆ ನೋಡುತ್ತಾರೆ. ಗ್ಯಾಪ್ ಕಾಣದಿರಲಿ ಎಂದು ಅಂಗಡಿಯ ಕೆಲಸವನ್ನು 2021ರ ಜುಲೈವರೆಗೆ ಎಳೆದರೆ, ಆ ಒಂದು ಸುಳ್ಳಿಗೇ ಆಫರ್ ಹೋಗಬಹುದು. ಒಂಬತ್ತು ತಿಂಗಳ ಗ್ಯಾಪ್‌ಗೆ ಆಫರ್ ಹೋಗುವುದಿಲ್ಲ. ಒಂದೇ ಸಾಲು: "ಡಿಸೆಂಬರ್ 2020ರಿಂದ ಜುಲೈ 2021: ಕುಟುಂಬದ ಆರೈಕೆ." ಅಪ್ಪನ ಕಾಯಿಲೆಯ ವಿವರ ಬೇಡ, ಅದು ನಿಮ್ಮ ಮನೆಯ ವಿಷಯ. ಅಂದಹಾಗೆ ತಿಂಗಳು ಎಣಿಸಿ ನೋಡಿ, ನವೆಂಬರ್ ಕೊನೆಯವರೆಗೆ ಕೆಲಸ ಮಾಡಿದ್ದರೆ ಗ್ಯಾಪ್ ಎಂಟೇ ತಿಂಗಳು. ಇಂಥ ಸಣ್ಣ ಎಣಿಕೆಯಲ್ಲೇ ಫಾರ್ಮ್‌ಗೂ ರೆಸ್ಯೂಮ್‌ಗೂ ವ್ಯತ್ಯಾಸ ಬರುವುದು.

ಕೈ ಸಂಬಳದ ಕೆಲಸಕ್ಕೆ ಸಾಕ್ಷಿ ಒದಗಿಸುವುದು ಕಷ್ಟ, ಆದರೆ ಆಗದ್ದೇನಲ್ಲ. ಅಂಗಡಿಯ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ತೆಗೆದುಕೊಳ್ಳಿ. ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ಸಹಿ, ಸೀಲು, ಅಂಗಡಿಯ ಜಿಎಸ್‌ಟಿ ನಂಬರ್, ಫೋನ್ ಎತ್ತುವ ಒಬ್ಬರ ನಂಬರ್ ಇರಲಿ. ಪತ್ರದ ಮೇಲೆ ಅದನ್ನು ಕೊಟ್ಟ ದಿನದ ತಾರೀಖೇ ಇರಬೇಕು, ಹಿಂದಿನ ತಾರೀಖು ಹಾಕಿಸಬೇಡಿ. ಸಂಬಳವನ್ನು ಆಗೊಮ್ಮೆ ಈಗೊಮ್ಮೆ ಬ್ಯಾಂಕಿಗೆ ಹಾಕಿದ್ದರೆ ಆ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ವೆರಿಫಿಕೇಶನ್ ಫಾರ್ಮ್ ತುಂಬುವಾಗ "ನಗದು ಸಂಬಳ, ಪಿಎಫ್ ಇಲ್ಲ" ಎಂದು ಮೊದಲೇ ಬರೆಯಿರಿ. ಅವರೇ ಕಂಡುಹಿಡಿದರೆ ಉತ್ತರ ಕೊಡುವ ಸರದಿ ನಿಮ್ಮದಾಗುತ್ತದೆ.

ಈಗಿನ ಕಚೇರಿಯಿಂದಲೂ ಆಫರ್ ಲೆಟರ್, ಕೊನೆಯ ಮೂರು ತಿಂಗಳ ಪೇಸ್ಲಿಪ್, ಇದ್ದರೆ ಫಾರ್ಮ್ 16, ಎಲ್ಲ ಈಗಲೇ ಒಂದು ಫೋಲ್ಡರ್‌ಗೆ ಹಾಕಿಡಿ.

ದುಡ್ಡು ಕೊಟ್ಟರೆ ಎರಡು ವರ್ಷ ಎಸ್‌ಎಪಿ ಅನುಭವ ತೋರಿಸಿಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳು ನಿಮಗೂ ಕರೆ ಮಾಡುತ್ತವೆ. ಫೋನ್ ಇಟ್ಟುಬಿಡಿ. ನಿಜವಾದ ಕಂಪನಿಯ ಕೆಲಸಕ್ಕೆ ಅರ್ಜಿದಾರರಿಂದ ರಿಜಿಸ್ಟ್ರೇಶನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ದುಡ್ಡು ಕೇಳುವುದಿಲ್ಲ.

---

ಓದುಗ_ವಿಜಯನಗರ

ನಡುವೆ ಬಾಯಿ ಹಾಕ್ತಿದೀನಿ. ಆರು ವರ್ಷದ ಅನುಭವಕ್ಕೆ ಒಂದು ಪುಟವಾ, ಎರಡಾ? ಮತ್ತೆ ನನ್ನ ತಂಗಿ ಕನ್ನಡ ಕಂಟೆಂಟ್ ಕೆಲಸಕ್ಕೆ ಅಪ್ಲೈ ಮಾಡ್ತಿದಾಳೆ, ಕನ್ನಡದಲ್ಲೇ ಬರೆದ ಪತ್ರ ಕೇಳಿದಾರೆ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು ಅವರಿಗೆ ಓದೋಕೆ ಆಗ್ತಿಲ್ಲವಂತೆ.

---

ಬನಶಂಕರಿ_ಎಚ್ಆರ್

ಪುಟದ ಬಗ್ಗೆ ಎಚ್ಆರ್‌ಗಳಲ್ಲೇ ಒಮ್ಮತ ಇಲ್ಲ. ನನ್ನ ಮಟ್ಟಿಗೆ ಫ್ರೆಷರ್‌ಗೆ ಒಂದು, ಐದಾರು ವರ್ಷಕ್ಕೆ ಎರಡರವರೆಗೆ ಸರಿ. ಎರಡನೇ ಪುಟಕ್ಕೆ ಬರೀ ಮೂರು ಸಾಲು ಜಾರಿದ್ದರೆ ಮಾತ್ರ ಒಂದಕ್ಕೆ ಇಳಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಗೆ ಒಂದೊಂದೇ ಸಾಲು. ಸಿಜಿಪಿಎ ಇದ್ದರೆ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ಬರೀರಿ, ಹತ್ತರಿಂದ ಗುಣಿಸಿ ಪರ್ಸೆಂಟ್ ಮಾಡಬೇಡಿ. ಅದನ್ನ ಲೆಕ್ಕ ಹಾಕುವ ಸೂತ್ರ ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬೇರೆ.

ನುಡಿಯ ತೊಂದರೆ ಇದು. ಅದರ ಹಳೇ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರ ಇರುತ್ತೆ, ಒಳಗೆ ಇರೋದು ಇಂಗ್ಲಿಷ್ ಕೀಲಿಗಳ ಸಂಕೇತ. ವರ್ಡ್ ಫೈಲ್ ಕಳಿಸಿದಾಗ ಆ ಕಡೆಯವರ ಕಂಪ್ಯೂಟರಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತೆ. ಮೇಲ್‌ಗೆ ಪೇಸ್ಟ್ ಮಾಡಿದರೂ ಅಷ್ಟೇ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಾಣಬಹುದು, ಆದರೆ ಹುಡುಕಿದರೆ ಒಂದು ಕನ್ನಡ ಪದವೂ ಸಿಗಲ್ಲ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಟೈಪ್ ಮಾಡಬೇಕು. ನುಡಿಯ ಹೊಸ ಆವೃತ್ತಿಗಳಲ್ಲೇ ಆ ಆಯ್ಕೆ ಇದೆ, ಈಗಾಗಲೇ ಟೈಪ್ ಆಗಿರೋದನ್ನ ಕನ್ವರ್ಟರ್‌ನಲ್ಲಿ ಬದಲಿಸಬಹುದು. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದೋಕೆ ಹೇಳಿ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕನ್ವರ್ಟರ್ ತಪ್ಪುತ್ತೆ, ಕನ್ನಡ ಬರೆಯುವ ಕೆಲಸಕ್ಕೆ ಕಳಿಸೋ ಪತ್ರದಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತೆ. ಆಮೇಲೆ ನುಡಿ ಇಲ್ಲದ ಒಂದು ಮೊಬೈಲಿಗೆ ಕಳಿಸಿ ತೆರೆದು ನೋಡಲಿ. ಅಲ್ಲಿ ಸರಿ ಕಂಡು, "ಕನ್ನಡ" ಅಂತ ಹುಡುಕಿದಾಗ ಸಿಕ್ಕರೆ ಕಳಿಸಬಹುದು.